ಗೋಡೆ ಕೂಡದ ಕೋಣೆ

ಕಟ್ಟಡ ಕಟ್ಟುವುದು ಹೇಗೆಂದು ಹೇಳಿಕೊಡುವ ಕಾಲೇಜಿನ ಕಟ್ಟಡವೇ ಬಿರುಕು ಬಿಟ್ಟರೆ ಯಾರು ತಾನೇ ನಗುವುದಿಲ್ಲ? ಊರೆಲ್ಲ ನಕ್ಕಿತು. ಎಂಜಿನಿಯರುಗಳು ಬಂದು, ತಲೆಯೆತ್ತಿ ನೋಡಿ, ಈ ಸೂರಿನ ಕೆಳಗೆ ಯಾರೂ ನಿಲ್ಲಕೂಡದೆಂದು ಹೇಳಿ ತಾವೇ ಮೊದಲು ಹೊರಗೆ ನಡೆದರು. ಬಾಗಿಲಿಗೆ ಬೀಗ ಬಿತ್ತು. ರಿಪೇರಿ ಮುಗಿಯುವ ತನಕ ಪಾಠವೆಲ್ಲ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಎಂದಾಯಿತು. ನಗದೇ ಉಳಿದವರು ಒಬ್ಬರೇ. ಅಲ್ಲಿ ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದ ಮೇಡಂ.

ಹುಡುಗರು ಅವರಿಗೆ ಸ್ಕೇಲ್ ಮೇಡಂ ಎಂದು ಹೆಸರಿಟ್ಟಿದ್ದರು. ಕೈಯಲ್ಲಿ ಸದಾ ಒಂದು ಸ್ಕೇಲು ಇರುತ್ತದೆಂದು ಕೆಲವರು, ಬೆನ್ನು ಸ್ಕೇಲಿನ ಹಾಗೆ ನೆಟ್ಟಗಿದೆಯೆಂದು ಕೆಲವರು. ಆ ಹೆಸರು ಮೇಡಂ ಕಿವಿಗೂ ಬಿದ್ದಿತ್ತು, ಬೇಜಾರೇನೂ ಇರಲಿಲ್ಲ. ಪಾಠ ಹೇಳಲು ಬರುವ ಮೊದಲು ಅವರು ಒಬ್ಬ ಕಂಟ್ರಾಕ್ಟರನ ಆಫೀಸಿನಲ್ಲಿ ವರ್ಷಗಟ್ಟಲೆ ನಕ್ಷೆ ಬರೆದವರು. ಅಲ್ಲಿ ಒಂದು ಗೆರೆ ತಪ್ಪಿದರೆ ಒಂದು ಬಾಗಿಲು ತಪ್ಪುತ್ತಿತ್ತು. ಬಾಗಿಲು ತಪ್ಪಿದರೆ ಮೇಸ್ತ್ರಿಯ ಬೈಗುಳ ಬೀದಿಯ ತುದಿಗೆ ಕೇಳುತ್ತಿತ್ತು. ಹಾಗಾಗಿ ‘ಸುಮಾರು’ ಎಂಬ ಮಾತು ಕಂಡರೆ ಅವರಿಗೆ ಆಗದು. ಮಾರುಕಟ್ಟೆಗೆ ಹೋದರೆ ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರು ಹಿಡಿದು ಕಾಯುವ ಹೆಂಗಸು.

ಪಾಠ ಮನೆಗೆ ಬಂತು. ನಡುಮನೆಯ ಕಿಟಕಿಯ ಕೆಳಗೆ ಒಂದು ಹೊಲಿಗೆ ಮೆಷಿನ್ನಿನ ಮೇಜಿತ್ತು. ಮೆಷಿನ್ನನ್ನು ಒಳಗೆ ಮಡಚಿಟ್ಟು ಅದರ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ನಕ್ಷೆ ಬರೆಯುವ ಹಲಗೆ. ಕೆಳಗೆ ಪೆಡಲು ಹಾಗೇ ಉಳಿದಿತ್ತು. ಯಾವನಾದರೂ ಸಬೂಬು ಹೇಳತೊಡಗಿದರೆ ಮೇಡಂ ಅವರ ಪಾದ ತನ್ನಷ್ಟಕ್ಕೆ ತಾನೇ ಅದನ್ನು ತುಳಿಯುತ್ತಿತ್ತು. ಗೋಡೆಗೊರಗಿ ಬೆಳ್ಳುಳ್ಳಿ ಬಿಡಿಸುತ್ತ ಕೂತ ಅತ್ತೆ ಆ ಟಕಟಕ ಕೇಳಿಯೇ, “ಯಾವನೋ ರೈಲು ಬಿಡ್ತಿದಾನೆ” ಎನ್ನುತ್ತಿದ್ದರು.

ಅತ್ತೆಗೆ ನಕ್ಷೆ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ಪರದೆಗೆ ಕಾಣದ ಮೂಲೆಯಲ್ಲಿ ಕೂತು ದಿನವೂ ಕೇಳಿ ಕೇಳಿ, ತರಗತಿಯ ಹುಡುಗ ಹುಡುಗಿಯರೆಲ್ಲ ಅವರಿಗೆ ನೆಂಟರಾಗಿಬಿಟ್ಟಿದ್ದರು. ಊಟಕ್ಕೆ ಕೂತಾಗ, “ಆ ಮೂಗಲ್ಲಿ ಮಾತಾಡೋನಿಗೆ ಇನ್ನೂ ಶೀತ ಬಿಟ್ಟಿಲ್ವಲ್ಲೇ, ಅವರಮ್ಮ ಏನೂ ನೋಡಲ್ವಾ?” ಎಂದು ವಿಚಾರಿಸುತ್ತಿದ್ದರು.

ಮೊದಮೊದಲು ಮೇಡಂ ಎಲ್ಲವನ್ನೂ ನಂಬಿದರು. ಕರೆಂಟು ಹೋಯಿತು ಎಂದರೆ ಪಾಪ ಎಂದರು. ಫೈಲು ಹೋಗುತ್ತಿಲ್ಲ ಎಂದರೆ ನಾಳೆ ಕಳಿಸು ಎಂದರು. “ಕಳಿಸಿದೀನಲ್ಲ ಮೇಡಂ, ನಿಮಗೆ ಬಂದಿಲ್ವಾ?” ಎಂದು ಕೇಳಿದವನಿಗೆ ತಾವೇ ಕ್ಷಮೆ ಕೇಳಿ ಮತ್ತೊಮ್ಮೆ ಹುಡುಕಿದರು. ಆಮೇಲೆ ಮನೆಯಲ್ಲಿ ಮಾಡಲೆಂದು ಕೊಟ್ಟ ಒಂದು ಕೆಲಸಕ್ಕೆ ಅರ್ಧ ತರಗತಿಯೇ ಒಂದು ಫೋಟೋ ಕಳಿಸಿತು. ಕೆಲಸದ ಫೋಟೋ ಅಲ್ಲ. ಫೈಲು ಏರಲಿಲ್ಲ ಎಂದು ಕೆಂಪಕ್ಷರದಲ್ಲಿ ತೋರಿಸುವ ಫೋನಿನ ಪರದೆಯ ಫೋಟೋ. ಮೇಡಂ ಒಂದೊಂದನ್ನೇ ತೆರೆದರು. ಎಲ್ಲದರಲ್ಲೂ ಬ್ಯಾಟರಿ ಅಷ್ಟೇ ಖಾಲಿ. ಎಲ್ಲದರಲ್ಲೂ ಮೇಲಿನ ಮೂಲೆಯಲ್ಲಿ ಹಲ್ಲಿಯ ಬಾಲದಂಥ ಒಂದೇ ಬಿರುಕು.

ಮಾರನೆಯ ದಿನ ಪಾಠದಲ್ಲಿ ಕೇಳಿದರು: “ನಿಮ್ಮೆಲ್ಲರ ಫೋನೂ ಒಂದೇ ಸಲ, ಒಂದೇ ಕಡೆ ಬಿದ್ದು ಒಡೆದಿದೆಯಲ್ರಪ್ಪ. ಯಾರ ಫೋನದು?”

ಒಬ್ಬ ಹುಡುಗ ಬಾಯಿ ಅರ್ಧ ತೆರೆದು, ಕೈ ಗಾಳಿಯಲ್ಲಿ ನಿಲ್ಲಿಸಿ ಕಲ್ಲಾಗಿಬಿಟ್ಟ. ಕೇಳುವ ಪ್ರಶ್ನೆ ತನ್ನ ಕಡೆ ತಿರುಗಿದಾಗಲೆಲ್ಲ ಅವನು ಹೀಗೆ ಕಲ್ಲಾಗುವುದು ರೂಢಿ. ನೆಟ್ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಮೇಡಂ ಮುಂದಿನವರ ಕಡೆ ಹೋಗುತ್ತಿದ್ದರು. ಗೆಳೆಯರೆಲ್ಲ ಅವನನ್ನು ಬಫರಿಂಗ್ ಎಂದೇ ಕರೆಯುತ್ತಿದ್ದರು. ಅವತ್ತು ಮೇಡಂ ಮುಂದೆ ಹೋಗಲಿಲ್ಲ.

“ಏನಪ್ಪ, ನೀನು ನಿಂತುಬಿಟ್ಟಿದೀಯ, ಸರಿ. ನಿನ್ನ ತಲೆ ಮೇಲಿನ ಫ್ಯಾನು ಯಾಕೆ ತಿರುಗ್ತಿದೆ?”

ಕಲ್ಲಾದವನ ಕಣ್ಣು ಮೆಲ್ಲಗೆ ಮೇಲಕ್ಕೆ ಹೋಗಿ ಫ್ಯಾನನ್ನು ನೋಡಿತು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಮೂಲೆಯಲ್ಲಿ ಅತ್ತೆ ಸೆರಗು ಬಾಯಿಗೆ ತುರುಕಿಕೊಂಡರು.

ಮೇಡಂ ಕೂಗಾಡಲಿಲ್ಲ. ಪೆಡಲಿನ ಸದ್ದು ನಿಂತಿತು. ಅದು ನಿಂತದ್ದನ್ನು ಕೇಳಿ ಅತ್ತೆಯ ನಗುವೂ ನಿಂತಿತು; ಸೊಸೆ ಏನೋ ನಿಶ್ಚಯ ಮಾಡಿದಳೆಂದು ಅವರಿಗೆ ತಿಳಿಯಿತು.

“ಮುಂದಿನ ಕೆಲಸ ಹೇಳ್ತೀನಿ, ಕೇಳ್ಕೊಳ್ಳಿ” ಎಂದರು ಮೇಡಂ. “ನೀವು ಕೂತು ಪಾಠ ಕೇಳೋ ಕೋಣೆ ಇದೆಯಲ್ಲ, ಅದರ ನಕ್ಷೆ ಬೇಕು. ಶನಿವಾರ ಮಧ್ಯಾಹ್ನದ ಒಳಗೆ. ನೆಟ್ ಇದ್ದೋರು ಬರೆದು ಕಳಿಸಿ. ನೆಟ್ ಇಲ್ಲ, ಕ್ಯಾಮೆರಾ ಇಲ್ಲ, ಫೈಲು ಹೋಗ್ತಿಲ್ಲ ಅನ್ನೋರು ಫೋನ್ ಮಾಡಿ. ಬಾಯಲ್ಲಿ ಅಳತೆ ಹೇಳಿ, ನಾನು ಬರ್ಕೋತೀನಿ. ಯಾರ ಫೋನಿಂದಾದ್ರೂ ಸರಿ.”

“ಮೇಡಂ, ಫೋನಲ್ಲಿ ಕರೆನ್ಸಿ ಇಲ್ಲಾಂದ್ರೆ?”

“ಮಿಸ್ಡ್ ಕಾಲ್ ಕೊಡು, ನಾನೇ ಮಾಡ್ತೀನಿ.”

“ಟೇಪು ಇಲ್ಲಾಂದ್ರೆ ಮೇಡಂ?”

“ಗೇಣು ಹಾಕು. ನಿನ್ನ ಗೇಣು ಎಷ್ಟು ಅಂತ ಹೇಳು. ಕೈ ಇದೆಯಲ್ಲ? ಶನಿವಾರ ಮಧ್ಯಾಹ್ನ ದಾಟಿದ್ರೆ ತಗೊಳ್ಳಲ್ಲ. ಈ ಕೆಲಸ ಒಪ್ಪಿಗೆ ಆಗದೆ ಯಾರೂ ಪರೀಕ್ಷೆಗೆ ಕೂರೋ ಹಾಗಿಲ್ಲ.”

ಅದರಲ್ಲೊಂದು ಉಪಾಯವಿತ್ತು. ಕಂಟ್ರಾಕ್ಟರನ ಆಫೀಸಿನಲ್ಲಿ ಕಲಿತದ್ದು. ಕೋಣೆಯ ಅಳತೆ ಬಾಗಿಲ ಮೂಲೆಯಿಂದ ಹೊರಟು, ಗೋಡೆಗುಂಟ ಸುತ್ತಿ, ಮತ್ತೆ ಅದೇ ಮೂಲೆಗೆ ಬಂದು ಸೇರಬೇಕು. ಬಾಗಿಲು, ಕಿಟಕಿ, ನಡುವಿನ ತುಂಡು ಗೋಡೆಗಳು ಎಲ್ಲ ಸೇರಿ ಎದುರಿನ ಗೋಡೆಯಷ್ಟೇ ಆಗಬೇಕು. ಅಳೆಯದೆ, ಕೂತಲ್ಲಿಯೇ ಹುಟ್ಟಿಸಿ ಹೇಳಿದ ಕೋಣೆ ಕಾಗದದ ಮೇಲೆ ನಿಲ್ಲುವುದಿಲ್ಲ. ಒಂದು ಗೋಡೆ ಇನ್ನೊಂದನ್ನು ಮುಟ್ಟದೆ ಗಾಳಿಯಲ್ಲಿ ಉಳಿದುಬಿಡುತ್ತದೆ. ಇದಕ್ಕೆ ಮೇಡಂ ‘ಗೋಡೆ ಕೂಡಲಿಲ್ಲ’ ಎನ್ನುತ್ತಿದ್ದರು.

ಮೊದಲು ಸಿಕ್ಕಿಬಿದ್ದವನು ಬಫರಿಂಗ್. ಫೋನಿನಲ್ಲಿ ಸರಸರನೆ ಅಳತೆ ಒಪ್ಪಿಸಿದ. ಮೇಡಂ ಗೆರೆ ಎಳೆದು ನೋಡಿದರು.

“ಏನಪ್ಪ, ನಿಮ್ಮನೇಲಿ ಬಾಗಿಲು ಗೋಡೆಗಿಂತ ಅಗಲ ಇದೆಯಲ್ಲ?”

“ಅದು... ಸ್ವಲ್ಪ ದೊಡ್ಡ ಬಾಗಿಲು ಮೇಡಂ.”

“ಆನೆ ಸಾಕಿದೀರಾ?”

“ಇಲ್ಲ ಮೇಡಂ. ಹಾಗಾದ್ರೆ ಬಾಗಿಲು ಮೂರಡಿ ಮಾಡ್ಕೊಳ್ಳಿ.”

“ನಾನು ಮಾಡ್ಕೊಳ್ಳೋದಲ್ಲ, ನೀನು ಎದ್ದು ಅಳೀಬೇಕು.”

ಆ ಕಡೆ ನಿಟ್ಟುಸಿರು. ಕುರ್ಚಿ ಸರಿದ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು ಬಂತು. ಈ ಸಲ ಗೋಡೆ ಕೂಡಿದ್ದು ಮಾತ್ರವಲ್ಲ, ಸ್ವಿಚ್ ಬೋರ್ಡು ನೆಲದಿಂದ ಎಷ್ಟೆತ್ತರ ಎನ್ನುವುದನ್ನೂ ಕೇಳದೆಯೇ ಹೇಳಿದ. ಸುದ್ದಿ ಗೆಳೆಯರಲ್ಲೆಲ್ಲ ಹರಡಿತು. ಮೇಡಮ್ಮಿಗೆ ಚಳ್ಳೆಹಣ್ಣು ತಿನ್ನಿಸಲು ಆಗುವುದಿಲ್ಲ, ಸುಮ್ಮನೆ ಎದ್ದು ಅಳೆಯುವುದೇ ಸಲೀಸು ಎಂದು ಎಲ್ಲರಿಗೂ ಮನದಟ್ಟಾಯಿತು. ಒಬ್ಬ ಬಸ್ಸಿನಿಂದ, ಒಬ್ಬಳು ಅಜ್ಜಿಯ ಫೋನಿನಿಂದ, ಅಂತೂ ನಕ್ಷೆಗಳು ಬರತೊಡಗಿದವು. ಮೆಷಿನ್ನಿನ ಪೆಡಲಿಗೆ ಕೆಲಸವಿಲ್ಲದಂತಾಯಿತು.

ಶನಿವಾರ ಬೆಳಿಗ್ಗೆ ಅಕ್ಕನ ಫೋನು ಬಂತು.

ಅಕ್ಕ ಎಂದರೆ ಆ ತರಗತಿಗೇ ದೊಡ್ಡವಳು. ಮದುವೆಯಾಗಿ, ಮಗು ನಡೆಯತೊಡಗಿದ ಮೇಲೆ ಮತ್ತೆ ಓದಲು ಬಂದವಳು. ಎಲ್ಲರೂ ಅಕ್ಕ ಎಂದು ಕರೆದು ಕರೆದು ಮೇಡಂ ಬಾಯಲ್ಲೂ ಅದೇ ನಿಂತಿತ್ತು. ಅವಳ ಮಾವನದು ಇಸ್ತ್ರಿ ಅಂಗಡಿ. ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ಗಂಡ, ಹೆಂಡತಿ, ಮಗು. ಮನೆಗೆಲ್ಲ ಇದ್ದ ಒಂದೇ ಒಳ್ಳೆಯ ಫೋನು ಗಂಡ ಸಾಮಾನು ತಲುಪಿಸಲು ಹೊರಟಾಗ ಅವನ ಜೊತೆಗೇ ಹೋಗುತ್ತಿತ್ತು. ಹಾಗಾಗಿ ಅಕ್ಕ ಪಾಠಕ್ಕೆ ಬಂದರೆ ಬಂದಳು, ನಡುವೆ ಮಾಯವಾದರೆ ಮಾಯವಾದಳು. ಹಿಂದಿನ ಎರಡು ಕೆಲಸವನ್ನೂ ತಡವಾಗಿಯೇ ಕೊಟ್ಟಿದ್ದಳು. ಮೇಡಂ ಅವಳನ್ನೂ ಉಳಿದವರ ಸಾಲಿಗೇ ಸೇರಿಸಿಬಿಟ್ಟಿದ್ದರು.

“ಮೇಡಂ, ಪಕ್ಕದ ಟೈಲರಮ್ಮನ ಫೋನಿಂದ ಮಾಡ್ತಿದೀನಿ. ಅಳತೆ ಹೇಳ್ಲಾ? ಬಾಗಿಲಿರೋ ಗೋಡೆ ಏಳಡಿ. ಒಳಗೆ ಬಂದ್ರೆ ಎಡಗಡೆ ಗೋಡೆ ಹತ್ತು. ಬಲಗಡೆದು ಹನ್ನೆರಡು. ಎದುರಿಂದು ಹನ್ನೊಂದು.”

ಮೇಡಂ ಬರೆಯುತ್ತಿದ್ದ ಪೆನ್ಸಿಲು ನಿಂತಿತು. “ಎದುರುಬದುರು ಗೋಡೆ ಒಂದೇ ಅಳತೆ ಬರ್ಬೇಕಲ್ಲಮ್ಮ. ಏಳು ಎಲ್ಲಿ, ಹನ್ನೊಂದು ಎಲ್ಲಿ? ಇನ್ನೊಂದ್ಸಲ ಅಳೆದು ಮಾಡು.”

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಅವಳು ಮತ್ತೆ ಫೋನು ಮಾಡಿದಳು. ಹಿಂದೆ ಮಗು ಅಳುತ್ತಿತ್ತು. ಅಳತೆ ಅದೇ. ಏಳು, ಹತ್ತು, ಹನ್ನೆರಡು, ಹನ್ನೊಂದು.

“ಅಷ್ಟೇ ಬರ್ತಿದೆ ಮೇಡಂ.”

“ನೋಡಮ್ಮ, ನೀನು ಎಲ್ಲರಿಗಿಂತ ದೊಡ್ಡೋಳು. ನೀನೂ ಹೀಗೆ ಕಾಗೆ ಹಾರಿಸಿದ್ರೆ ಹೇಗೆ?”

“ಸುಳ್ಳು ಹೇಳ್ತಿಲ್ಲ ಮೇಡಂ. ಈ ಸಲ ಪರೀಕ್ಷೆಗೆ ಕೂರ್ಲಿಲ್ಲ ಅಂದ್ರೆ ಮನೇಲಿ ಮತ್ತೆ ಓದಕ್ಕೆ ಬಿಡಲ್ಲ. ಮಾವ ಹೇಳ್ಬಿಟ್ಟಿದಾರೆ. ನಾನ್ಯಾಕೆ ಸುಳ್ಳು ಹೇಳ್ಲಿ?”

“ಎಲ್ಲರೂ ಹೀಗೇ ಹೇಳ್ತಾರಮ್ಮ. ಗೋಡೆ ಕೂಡ್ತಿಲ್ಲ. ನಾನು ತಗೊಳ್ಳಕ್ಕಾಗಲ್ಲ.”

ಹಾಗೆಂದು ಫೋನಿಟ್ಟರು. ನಿಯಮವೆಂದರೆ ನಿಯಮ. ಒಬ್ಬಳಿಗೆ ಬಾಗಿಲು ತೆರೆದರೆ ನಾಳೆ ಎಲ್ಲರೂ ನುಗ್ಗುತ್ತಾರೆ ಎಂದು ತಮಗೆ ತಾವೇ ಹೇಳಿಕೊಂಡರು. ಆದರೆ ಯಾಕೋ ಮನಸ್ಸು ತಿಳಿಯಾಗಲಿಲ್ಲ. ಭಾನುವಾರ ಇಡೀ ಸುಮ್ಮಸುಮ್ಮನೆ ಡಬ್ಬಗಳನ್ನು ತೊಳೆದು ಒರೆಸಿ ಜೋಡಿಸಿದರು.

ಸೋಮವಾರ ವಿಭಾಗದ ಮುಖ್ಯಸ್ಥರು ಫೋನು ಮಾಡಿದರು. ಪರೀಕ್ಷೆಗೆ ಕೂರುವವರ ಹೆಸರು ಸಂಜೆಯೊಳಗೆ ಮೇಲಕ್ಕೆ ಹೋಗಬೇಕಿತ್ತು.

“ಒಬ್ಬಳದು ಮಾತ್ರ ಬಾಕಿ ಅಂತೀರಿ. ಸೇರಿಸಿಬಿಡಿ ಅತ್ಲಾಗೆ. ಆನ್‌ಲೈನ್ ಅಂದ್ಮೇಲೆ ಇವೆಲ್ಲ ಇದ್ದಿದ್ದೇ. ಯಾರು ನೋಡ್ತಾರೆ?”

“ನಾನು ನೋಡ್ತೀನಲ್ಲ ಸರ್. ಗೋಡೆ ಕೂಡದ ನಕ್ಷೆಗೆ ಹೇಗೆ ಸಹಿ ಹಾಕ್ಲಿ?”

“ಹಾಗಾದ್ರೆ ಬಿಟ್ಟುಬಿಡಿ. ಮುಂದಿನ ವರ್ಷ ಕೂರ್ತಾಳೆ.”

“ಮುಂದಿನ ವರ್ಷ ಅವಳು ಬರಲ್ಲ ಸರ್.”

“ನನ್ನನ್ನ ಏನು ಮಾಡು ಅಂತೀರಿ ಮೇಡಂ? ಸಂಜೆ ಕಳಿಸ್ತೀನಿ. ಅಷ್ಟರೊಳಗೆ ಹಾಕಿ ಅಂದ್ರೆ ಹಾಕ್ತೀನಿ, ತೆಗೀರಿ ಅಂದ್ರೆ ತೆಗೀತೀನಿ.”

ಸೇರಿಸಿದರೂ ಅವರಿಗೆ ನೆಮ್ಮದಿ, ಬಿಟ್ಟರೂ ನೆಮ್ಮದಿ. ಎರಡರಲ್ಲೂ ನೆಮ್ಮದಿಯಿಲ್ಲದವರು ಮೇಡಂ ಒಬ್ಬರೇ. ಮಧ್ಯಾಹ್ನ ತಟ್ಟೆಯ ಮುಂದೆ ಕೂತವರು ತುತ್ತನ್ನು ಬೆರಳಲ್ಲೇ ಹಿಡಿದು ಕೂತುಬಿಟ್ಟರು.

“ಯಾರನ್ನೇ ನೆನೆಸ್ಕೊಂಡು ಕೂತಿದೀಯ?” ಎಂದರು ಅತ್ತೆ.

“ಅಕ್ಕನ್ನ.”

“ಯಾವ ಅಕ್ಕ? ಪಕ್ಕದಲ್ಲಿ ಮಗು ಅಳ್ತಿರುತ್ತಲ್ಲ, ಅವಳಾ? ಏನ್ ಮಾಡಿದ್ಲು?”

“ಅಳತೆ ತಪ್ಪು ಹೇಳಿದ್ಲು. ತಿದ್ದಮ್ಮ ಅಂದ್ರೆ ತಿದ್ದಲಿಲ್ಲ.”

“ಹಟಮಾರಿ ಅನ್ನು. ನಿನ್ನ ಜಾತಿಯೋಳೇ. ಊಟ ಮಾಡು.”

ಮೇಡಂ ಊಟ ಮಾಡಲಿಲ್ಲ. ತಾವೇ ಆಡಿದ ಮಾತು ಕಿವಿಯಲ್ಲಿ ಉಳಿದುಬಿಟ್ಟಿತ್ತು. ತಿದ್ದಲಿಲ್ಲ. ಈ ವಾರ ಸಿಕ್ಕಿಬಿದ್ದವರು ಎಷ್ಟು ಜನ? ಅಷ್ಟು ಜನವೂ ತಕ್ಷಣ ತಿದ್ದಿದ್ದರು. ಬಫರಿಂಗ್ ಕೂತಲ್ಲೇ ಬಾಗಿಲನ್ನು ಕುಗ್ಗಿಸಿದ್ದ. ಇನ್ನೊಬ್ಬಳು ಕಿಟಕಿಯನ್ನೇ ತೆಗೆದುಹಾಕಲು ತಯಾರಿದ್ದಳು. ಹುಟ್ಟಿಸಿ ಹೇಳುವವರಿಗೆ ಅಂಕಿಯ ಮೇಲೆ ಮಮತೆ ಎಲ್ಲಿಯದು? ಎದುರುಬದುರು ಗೋಡೆ ಒಂದೇ ಇರಬೇಕೆಂದು ತಾವೇ ಬಾಯಿಬಿಟ್ಟು ಹೇಳಿಕೊಟ್ಟಿದ್ದರಲ್ಲ. ಹನ್ನೊಂದು, ಹನ್ನೊಂದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಓದೇ ಕೈಬಿಟ್ಟು ಹೋಗುವ ಹೊತ್ತಿನಲ್ಲೂ ಆ ಹೆಂಗಸು ಒಂದಂಗುಲ ಅತ್ತಿತ್ತ ಮಾಡಲಿಲ್ಲ.

ಕೈ ತೊಳೆದುಕೊಂಡು ಫೋನು ಹಿಡಿದರು. ಅಕ್ಕನ ಗಂಡ ಎತ್ತಿದ. ಅವನ ಸುತ್ತ ಹಾರನ್ನುಗಳ ಗದ್ದಲ. ತಾನು ದಾರಿಯಲ್ಲಿರುವುದಾಗಿಯೂ, ಮನೆ ಸೇರುವುದು ಕತ್ತಲಾದ ಮೇಲೆಂದೂ ಕೂಗಿ ಹೇಳಿದ. ಮೇಡಂ ಶನಿವಾರ ಬಂದಿದ್ದ ನಂಬರನ್ನು ಹುಡುಕಿ ಟೈಲರಮ್ಮನಿಗೆ ಮಾಡಿದರು.

“ನಾನು ಅವಳ ಕಾಲೇಜಿನ ಮೇಡಂ. ಸ್ವಲ್ಪ ಅವಳ ಕೈಗೆ ಕೊಡ್ತೀರಾ?”

“ಇಸ್ತ್ರಿ ಹಾಕ್ತಿದಾಳೆ. ಏಯ್, ಬಾರೇ ಇಲ್ಲಿ! ನಿಮ್ಮ ಮೇಡಂ!”

ಅಕ್ಕನ ದನಿ ಬಂತು. ಅದರಲ್ಲಿ ಆಸೆಯೇನೂ ಇರಲಿಲ್ಲ. “ಹೇಳಿ ಮೇಡಂ.”

“ನಿನ್ನ ಕೋಣೇಲಿ ಮಂಚ ಇದೆಯೇನಮ್ಮ? ಅದು ಮೂಲೆಗೆ ಸರಿಯಾಗಿ ತಾಗಿ ನಿಲ್ಲುತ್ತಾ?”

“ಎಲ್ಲಿ ನಿಲ್ಲುತ್ತೆ ಮೇಡಂ. ತಲೆ ಕಡೆ ತಾಗಿಸಿದ್ರೆ ಕಾಲ ಕಡೆ ಸಂದು ಬೀಳುತ್ತೆ. ಆ ಸಂದಿಗೆ ಬಟ್ಟೆ ಗಂಟು ತುರುಕಿದೀವಿ.”

ಮೇಡಂ ಕಣ್ಣು ಮುಚ್ಚಿಕೊಂಡರು. “ಮತ್ತೆ ಅದನ್ನ ಶನಿವಾರ ಯಾಕೆ ಹೇಳ್ಲಿಲ್ಲ?”

“ನೀವು ಗೋಡೆ ಕೇಳಿದ್ರಿ. ಮಂಚ ಕೇಳ್ಲಿಲ್ಲ ಮೇಡಂ.”

“ನಿಮ್ಮ ಅಂಗಡಿ ಇರೋದೆಲ್ಲಿ?”

“ಎರಡು ಬೀದಿ ಸೇರೋ ಮೂಲೇಲಿ. ಬೀದಿ ಹೇಗೆ ವಾಲಿದೆಯೋ ಗೋಡೆನೂ ಹಾಗೇ ವಾಲ್ಕೊಂಡು ಹೋಗಿದೆ.”

ಸೊಟ್ಟ ಕೋಣೆ. ನಾಲ್ಕು ಗೋಡೆಯ ಉದ್ದ ಎಷ್ಟು ಸರಿಯಾಗಿ ಗೊತ್ತಿದ್ದರೂ ಸೊಟ್ಟ ಕೋಣೆ ಕಾಗದಕ್ಕೆ ಇಳಿಯುವುದಿಲ್ಲ. ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ಬೇಕು. ವರ್ಷವರ್ಷವೂ ಹೊಸ ಹುಡುಗರಿಗೆ ಮೊದಲ ವಾರವೇ ಮೇಡಂ ಹೇಳುವ ಪಾಠ ಅದು. ಈ ಸಲ ಸಬೂಬು ಹಿಡಿಯುವ ಭರದಲ್ಲಿ, ಲೋಕದ ಕೋಣೆಗಳೆಲ್ಲ ಪೆಟ್ಟಿಗೆಯ ಹಾಗೆ ನೆಟ್ಟಗಿವೆ ಎಂದುಕೊಂಡು, ಕೇಳುವುದನ್ನೇ ಬಿಟ್ಟಿದ್ದರು.

“ಟೇಪು ತಗೋ. ಬಾಗಿಲಿಂದ ಒಳಗೆ ಬಂದ್ರೆ ಎಡಗಡೆ ಒಂದು ಮೂಲೆ ಇದೆಯಲ್ಲ, ಅಲ್ಲಿಂದ ಎದುರು ಬಲಮೂಲೆಗೆ, ನೆಲದ ಮೇಲೆ ಅಡ್ಡಡ್ಡಕ್ಕೆ ದಾರ ಎಳೆದು ಟೇಪಲ್ಲಿ ಅಳೆ. ಟೈಲರಮ್ಮ ಒಂದು ತುದಿ ಹಿಡ್ಕೊಳ್ಳಲಿ.”

“ನನ್ನ ಟೇಪು, ನನ್ನ ಫೋನು, ಈಗ ನನ್ನ ಸೊಂಟಾನೂ ಬೇಕಾ?” ಎಂದ ಟೈಲರಮ್ಮನ ದನಿ ದೂರದಿಂದ ಕೇಳಿತು. ಆದರೂ ಬಗ್ಗಿದಂತೆ ಕಾಣುತ್ತದೆ.

“ಹದಿಮೂರು ಮೇಡಂ. ಸರಿಯಾಗಿ ಹದಿಮೂರು.”

ಮೇಡಂ ಮೊದಲು ಆ ಅಡ್ಡಗೆರೆಯನ್ನು ಎಳೆದರು. ಅದರ ಒಂದು ತುದಿಗೆ ಕೈವಾರದ ಮುಳ್ಳಿಟ್ಟು ಏಳು, ಇನ್ನೊಂದು ತುದಿಗಿಟ್ಟು ಹನ್ನೆರಡು. ಎರಡು ಕಮಾನು ಒಂದನ್ನೊಂದು ಕತ್ತರಿಸಿದವು. ಗೆರೆಯ ಆಚೆ ಮಗ್ಗುಲಿಗೆ ಹತ್ತು, ಹನ್ನೊಂದು, ಅವೂ ಕತ್ತರಿಸಿದವು. ಕೋಣೆ ಸೊಟ್ಟಗೆ, ಆದರೆ ಗಟ್ಟಿಯಾಗಿ ನಿಂತಿತು. ಒಂದು ಅಡ್ಡ ಅಳತೆಯಿಂದ ಕೋಣೆ ನಿಂತರೆ ಸಾಲದು. ಎರಡನೆಯದು ಸಾಕ್ಷಿ ಹೇಳಬೇಕು. ಕಾಗದದ ಮೇಲೆ ಇನ್ನೆರಡು ಮೂಲೆಗೆ ಸ್ಕೇಲು ಇಟ್ಟು ನೋಡಿದರು. ಹದಿನೈದಕ್ಕೆ ಕೂದಲೆಳೆಯಷ್ಟು ಕಡಿಮೆ. ಬಾಯಿ ಬಿಡಲಿಲ್ಲ.

“ಈಗ ಇನ್ನೊಂದು ಅಡ್ಡ. ಬಾಗಿಲ ಬಲಮೂಲೆಯಿಂದ ಆ ಕಡೆ ಎಡಮೂಲೆಗೆ.”

“ಅಲ್ಲಿ ಮಂಚ ಬರುತ್ತೆ ಮೇಡಂ, ಎಳೀಬೇಕು.”

“ಎಳಿ. ಕಾಯ್ತೀನಿ.”

ಮಂಚ ಕಿರುಗುಟ್ಟಿತು. ಗಂಟು ಬಿದ್ದ ಸದ್ದು. “ನನ್ನ ಫೋನಲ್ಲಿ ಮನೆ ಕಟ್ತಿದೀರೇನ್ರೇ?” ಎಂದು ಟೈಲರಮ್ಮ. ಯಾರೋ ಗಿರಾಕಿ ಅಂಗಡಿಯ ಮುಂದೆ ನಿಂತು ಕೂಗುತ್ತಿದ್ದ. ಆಮೇಲೆ ಅಕ್ಕ ಏದುಸಿರು ಬಿಡುತ್ತ ಬಂದಳು. ಈ ಸಲವೂ ಏನೋ ತಪ್ಪಾಯಿತೆಂಬಂತೆ ಅಳುಕುತ್ತ ಹೇಳಿದಳು:

“ಪೂರ್ತಿ ಹದಿನೈದು ಬರ್ಲಿಲ್ಲ ಮೇಡಂ. ಒಂದಂಗುಲ ಕಮ್ಮಿ.”

“ಹದಿನೈದು ಅಂತ ಹಾಕ್ಕೊಳ್ಳಲಾ? ಒಂದಂಗುಲ ತಾನೇ?”

“ಬೇಡ ಮೇಡಂ. ಇಲ್ಲದ್ದನ್ನ ಯಾಕೆ ಹಾಕ್ತೀರಿ?”

ಮೇಡಂ ಪೆನ್ಸಿಲು ಕೆಳಗಿಟ್ಟರು. “ಗೋಡೆ ಕೂಡ್ತು ಕಣಮ್ಮ.”

ಆ ಕಡೆ ಟೈಲರಮ್ಮ ಫೋನು ಕಿತ್ತುಕೊಂಡು, “ಏನಂದ್ರಿ ಮೇಡಂ? ಇವಳು ಕಣ್ಣೊರೆಸ್ಕೊಳ್ತಿದಾಳೆ, ಒಳ್ಳೇದಕ್ಕಾ ಕೆಟ್ಟದ್ದಕ್ಕಾ?” ಎಂದು ಕೇಳಿದಳು.

“ಒಳ್ಳೇದಕ್ಕೇ. ತಪ್ಪು ನಂದಿತ್ತು ಅಂತ ಹೇಳಿ ಅವಳಿಗೆ. ಕೇಳಬೇಕಾದ್ದನ್ನ ನಾನು ಕೇಳಿರಲಿಲ್ಲ ಅಂತ ಹೇಳಿ.”

ಕೂಡಲೇ ಮುಖ್ಯಸ್ಥರಿಗೆ ಫೋನು ಮಾಡಿದರು. ಅವರು ನಕ್ಕರು. “ಅಂತೂ ಕರಗಿದ್ರಲ್ಲ ಮೇಡಂ!”

“ಕರಗಿಲ್ಲ ಸರ್. ಅವಳು ಶನಿವಾರ ಮಧ್ಯಾಹ್ನದ ಒಳಗೇ ಸರಿಯಾಗಿ ಕೊಟ್ಟಿದ್ಲು. ತಡ ಮಾಡಿದ್ದು ನಾನು.”

“ಹಾಗಂತ ಯಾರಿಗೆ ಗೊತ್ತಾಗ್ಬೇಕು, ಬಿಡಿ.”

“ಗೊತ್ತಾಗ್ಲಿ ಸರ್. ಯಾರಾದ್ರೂ ಕೇಳಿದ್ರೆ ಹಾಗೇ ಹೇಳಿ.”

ಮಾರನೆಯ ದಿನ ಆ ಸೊಟ್ಟ ಕೋಣೆಯ ನಕ್ಷೆಯನ್ನು ಕ್ಯಾಮೆರಾದ ಮುಂದೆ ಹಿಡಿದು, ತಾವು ಎಡವಿದ್ದೆಲ್ಲಿ ಎಂದು ಇಡೀ ತರಗತಿಗೆ ಹೇಳಿದರು. ಮುಚ್ಚುಮರೆ ಮಾಡಲಿಲ್ಲ. ಅಕ್ಕನೂ ಇದ್ದಳು. ಗಂಡ ಅವತ್ತು ಫೋನು ಬಿಟ್ಟು ಹೋಗಿದ್ದ. ಬಫರಿಂಗಿಗೆ ಒಳ್ಳೆಯ ಅವಕಾಶ ಸಿಕ್ಕಿತು.

“ಮೇಡಂ, ನೀವೇ ತಡ ಮಾಡಿದ್ಮೇಲೆ ನಮಗೂ ಮುಂದಿನ ಕೆಲಸಕ್ಕೆ ಎರಡು ದಿನ ಜಾಸ್ತಿ ಕೊಡಬಹುದಲ್ವಾ?”

“ಕೊಡಲ್ಲ.”

“ಒಂದಿನ ಮೇಡಂ.”

“ಕೊಡಲ್ಲಪ್ಪ. ತಪ್ಪು ಮಾಡಿದ್ದು ನಾನು, ನಿಯಮ ಅಲ್ಲ. ಈಗ ಎಲ್ಲರೂ ನಿಮ್ಮ ನಿಮ್ಮ ಕೋಣೆಯ ಎರಡೂ ಅಡ್ಡ ಅಳತೆ ತಗೊಂಡು ಬನ್ನಿ. ನೆಟ್ ಇಲ್ದಿದ್ರೆ ಫೋನು.”

“ನಮ್ಮದು ಚೌಕ ಕೋಣೆ ಮೇಡಂ, ಅಳೆಯೋದೇ ಬೇಡ.”

“ಅಳೆದು ಹೇಳು.”

ಅಕ್ಕ ಮೆಲ್ಲಗೆ ದನಿ ತೆಗೆದಳು. “ಮೇಡಂ, ನಂದು ಆಗಿದೆಯಲ್ಲ. ನಾನೂ ಕೊಡ್ಬೇಕಾ?”

“ನಿನಗೆ ಅಂಗಡಿ. ಮುಂದುಗಡೆ ಇಸ್ತ್ರಿ ಹಾಕ್ತೀರಲ್ಲ, ಆ ಜಾಗ.”

“ಅದು ಇದಕ್ಕಿಂತ ಸೊಟ್ಟ ಇದೆ ಮೇಡಂ.”

“ಇರ್ಲಿ. ಶನಿವಾರ ಮಧ್ಯಾಹ್ನದ ಒಳಗೆ.”